ಬಿಳಿ ಸೆರಗಿನಲ್ಲಿ ಮೂಳೆ ಕರಗಿ ಹೋಗುತ್ತದೆಯೇ? ಇಲಿಗಳ ಮೇಲಿನ ಪ್ರಯೋಗ ಹೇಳುವುದು ಇದರ ತದ್ವಿರುದ್ಧ

ಸಂದೇಶದಲ್ಲಿ ಇರುವುದೇನು?

"ಹೆಂಗಸರಿಗೆ ಬಿಳಿ ಹೋಗುವುದೆಂದರೆ ಒಳಗಿನ ಮೂಳೆ ಕರಗಿ ನೀರಾಗಿ ಹರಿಯುವುದು. ಸೊಂಟ ನೋವು, ಸುಸ್ತು ಬರುವುದು ಅದಕ್ಕೇ. ಕಾಫಿ, ಕಾಳುಮೆಣಸು, ಮೊಟ್ಟೆ ಎಲ್ಲಾ ಉಷ್ಣ, ಬಿಟ್ಟುಬಿಡಿ. ಪಟಿಕದ ನೀರಿನಿಂದ ಒಳಗೆ ತೊಳೆಯಿರಿ. ಈ ಪುಡಿ ತಿಂದರೆ ಮೂಳೆ ಮತ್ತೆ ಗಟ್ಟಿಯಾಗುತ್ತದೆ. ಎಲ್ಲಾ ಅಕ್ಕತಂಗಿಯರಿಗೂ ಕಳಿಸಿ."

ಈ ಧಾಟಿಯ ಮಾತು ವಾಟ್ಸಾಪ್ ಬರುವುದಕ್ಕೆ ಮೊದಲೇ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಈಗ ಹೂವಿನ ಚಿತ್ರ ಹಾಕಿಕೊಂಡು ಗುಂಪಿನಿಂದ ಗುಂಪಿಗೆ ಓಡಾಡುತ್ತಿದೆ. ಕಾಫಿ, ಕಾಳುಮೆಣಸು ಬೆಳೆದು ಬದುಕುವ ಕೊಡಗಿನಂಥ ಜಿಲ್ಲೆಯಲ್ಲಿ ಇದನ್ನು ಓದಿದವರಿಗೆ ಮನೆಯ ಅಡುಗೆಯೇ ಅಪರಾಧಿಯಂತೆ ಕಾಣಬಹುದು. ದಿನವಿಡೀ ತೋಟದಲ್ಲಿ ದುಡಿದು ಸೊಂಟ ಹಿಡಿದುಕೊಂಡು ಮನೆಗೆ ಬರುವ ಹೆಣ್ಣುಮಗಳಿಗಂತೂ "ಅಯ್ಯೋ, ನನ್ನ ಮೂಳೆ ಕರಗುತ್ತಿದೆ" ಎಂಬ ಭಯ ಹುಟ್ಟುವುದು ಸಹಜ.

ಚುಟುಕಾಗಿ ಉತ್ತರ

ಇದು ಸುಳ್ಳು. ಬಿಳಿ ಸೆರಗಿನಲ್ಲಿ ಮೂಳೆಯ ಅಂಶ ಹೋಗುವುದಿಲ್ಲ. ಹರೆಯಕ್ಕೆ ಬಂದ ಹೆಣ್ಣಿನ ದೇಹದಲ್ಲಿ ಯೋನಿಯ ಒಳಪದರ ತನ್ನನ್ನು ತಾನು ಹೊಸದು ಮಾಡಿಕೊಳ್ಳುತ್ತಾ ಇರುವುದರ ಗುರುತು ಅದು. ಆ ಪದರವನ್ನು ಕಾಪಾಡುವ ಈಸ್ಟ್ರೋಜೆನ್ ಎಂಬ ಹಾರ್ಮೋನೇ ಮೂಳೆಯನ್ನೂ ಕಾಪಾಡುತ್ತದೆ. ಮೂಳೆ ನಿಜವಾಗಿ ಸವೆಯುವುದು ಮುಟ್ಟು ನಿಂತ ಮೇಲೆ, ಅಂದರೆ ಬಿಳಿ ಹೋಗುವುದು ಕಡಿಮೆಯಾಗುವ ವಯಸ್ಸಿನಲ್ಲಿ. ಆದರೆ ಬಿಳಿ ಸೆರಗಿನ ಬಣ್ಣ, ವಾಸನೆ ಬದಲಾದರೆ, ರಕ್ತ ಕಂಡರೆ ಅದನ್ನು ಕಡೆಗಣಿಸಬಾರದು. ಯಾವಾಗ ಡಾಕ್ಟರ ಬಳಿ ಹೋಗಬೇಕು ಎಂಬುದನ್ನು ಕೊನೆಯಲ್ಲಿ ಹೇಳಿದ್ದೇವೆ.

ಬಿಳಿ ಸೆರಗಿನಲ್ಲಿ ಏನಿರುತ್ತದೆ?

ನೀರು, ಗರ್ಭಕೋಶದ ಕೊರಳಿನಿಂದ ಬರುವ ಲೋಳೆ, ಯೋನಿಯ ಒಳಪದರದಿಂದ ಉದುರಿದ ಹಳೆಯ ಜೀವಕೋಶಗಳು, ಒಂದಷ್ಟು ಒಳ್ಳೆಯ ಬ್ಯಾಕ್ಟೀರಿಯಾ ಮತ್ತು ಅವು ತಯಾರಿಸುವ ಲ್ಯಾಕ್ಟಿಕ್ ಆಮ್ಲ. ಇಷ್ಟೇ. ಆರೋಗ್ಯವಂತ ಹೆಣ್ಣಿಗೆ ದಿನಕ್ಕೆ 1ರಿಂದ 4 ಮಿಲಿ ಲೀಟರ್‌ನಷ್ಟು ಹೋಗುವುದು ಮಾಮೂಲು. ಎಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ತಿಂಗಳ ನಡುವೆ, ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಇದು ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆ ಎಳೆಯಾಗಿ ಬರುತ್ತದೆ. ಬೇರೆ ದಿನಗಳಲ್ಲಿ ಸ್ವಲ್ಪ ಮಂದ. ಬಸಿರಿನಲ್ಲಿ ಹೆಚ್ಚುತ್ತದೆ. ಒಳಉಡುಪಿನ ಮೇಲೆ ಒಣಗಿದಾಗ ತುಸು ಹಳದಿಯಾಗಿ ಕಾಣುತ್ತದೆ.

ನಮ್ಮ ಅಂಗೈ ಚರ್ಮ ಸವೆದು ಹೊಸ ಚರ್ಮ ಬರುತ್ತದಲ್ಲ, ಹಾಗೆಯೇ ಯೋನಿಯ ಒಳಪದರದಲ್ಲೂ ಕೆಳಗಿನಿಂದ ಹೊಸ ಕೋಶಗಳು ಹುಟ್ಟಿ ಮೇಲೆ ಬರುತ್ತವೆ, ಮೇಲಿನವು ಉದುರುತ್ತವೆ. ಚರ್ಮ ಒಣಗಿ ಉದುರುತ್ತದೆ, ಇಲ್ಲಿ ತೇವದ ಜೊತೆ ಹೊರಬರುತ್ತದೆ.

ಇದು ತಿಳಿದದ್ದು ಇಲಿಗಳಿಂದ

1917ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಸ್ಟಾಕರ್ಡ್ ಮತ್ತು ಜಾರ್ಜ್ ಪಾಪನಿಕೊಲೊ ಎಂಬ ವಿಜ್ಞಾನಿಗಳು ಹೆಣ್ಣು ಗಿನಿಪಿಗ್‌ಗಳ ಯೋನಿಯ ದ್ರವವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ದಿನದಿಂದ ದಿನಕ್ಕೆ ಅದರಲ್ಲಿರುವ ಕೋಶಗಳು ಬದಲಾಗುತ್ತಿದ್ದವು. ಆ ಬದಲಾವಣೆ ಅಂಡಾಶಯದ ಆವರ್ತಕ್ಕೆ ಸರಿಯಾಗಿ ಹೊಂದುತ್ತಿತ್ತು. 1922ರಲ್ಲಿ ಎಡ್ಗರ್ ಅಲೆನ್ ಇದನ್ನೇ ಇಲಿಗಳಲ್ಲಿ ತೋರಿಸಿದರು.

ಇಲಿಯ ಆವರ್ತ ನಾಲ್ಕೈದು ದಿನಗಳದ್ದು. ಗಂಡಿನೊಂದಿಗೆ ಕೂಡುವ ದಿನ ಬಂದಾಗ ಯೋನಿಯ ಒಳಪದರ ದಪ್ಪವಾಗಿ, ಮೇಲಿನ ಕೋಶಗಳು ಹೊಟ್ಟಿನಂತೆ ಉದುರುತ್ತವೆ. ಎರಡು ದಿನ ಕಳೆದರೆ ಪದರ ತೆಳುವಾಗಿ, ದ್ರವದ ತುಂಬ ಬಿಳಿ ರಕ್ತಕಣಗಳು ಕಾಣುತ್ತವೆ. ಮತ್ತೆ ಮೊದಲಿನಿಂದ ಶುರು. ಅಂಡಾಶಯ ತೆಗೆದುಬಿಟ್ಟರೆ ಈ ಇಡೀ ಕೆಲಸ ನಿಂತು, ಪದರ ಎರಡು ಮೂರು ಸಾಲು ಕೋಶಗಳಿಗೆ ಇಳಿಯುತ್ತದೆ. ಅಂಡಾಶಯದ ರಸವನ್ನು ಚುಚ್ಚಿದರೆ ಪದರ ಮತ್ತೆ ಬೆಳೆಯುತ್ತದೆ. 1923ರಲ್ಲಿ ಅಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಈ ಗುರುತನ್ನೇ ಪರೀಕ್ಷೆಯಾಗಿ ಬಳಸಿ ಅಂಡಾಶಯದ ಹಾರ್ಮೋನನ್ನು ಪತ್ತೆ ಹಚ್ಚಿದರು. ಅದೇ ನಾವು ಇಂದು ಈಸ್ಟ್ರೋಜೆನ್ ಎನ್ನುವ ಹಾರ್ಮೋನು.

ಅಂದರೆ, ಯಾವುದನ್ನು ಫಾರ್ವರ್ಡ್ ಸಂದೇಶ "ಕರಗಿದ ಮೂಳೆ" ಎನ್ನುತ್ತದೆಯೋ ಅದು ನೂರು ವರ್ಷಗಳ ಹಿಂದೆಯೇ ಗಾಜಿನ ಪಟ್ಟಿಯ ಮೇಲೆ ಕಂಡಿದೆ. ಅಲ್ಲಿದ್ದದ್ದು ಮೂಳೆಯ ಚೂರಲ್ಲ, ಒಳಪದರದ ಕೋಶ.

ಪಾಪನಿಕೊಲೊ ಅಲ್ಲಿಗೇ ನಿಲ್ಲಲಿಲ್ಲ. ಹೆಂಗಸರ ಯೋನಿಯ ದ್ರವವನ್ನೂ ಹೀಗೆಯೇ ನೋಡುತ್ತಾ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಕೋಶಗಳೂ ಉದುರಿ ಅದರಲ್ಲಿ ಸೇರಿರುತ್ತವೆ ಎಂದು ಕಂಡುಕೊಂಡರು. 1941ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆ ಅದನ್ನು ಪ್ರಕಟಿಸಿದರು. ಇಂದು ಡಾಕ್ಟರುಗಳು ಮಾಡುವ "ಪ್ಯಾಪ್ ಪರೀಕ್ಷೆ"ಯಲ್ಲಿರುವ ಪ್ಯಾಪ್, ಅವರ ಹೆಸರಿನ ಮೊದಲ ತುಂಡು.

ಒಳಪದರಕ್ಕೆ "ಬೆಳೆ" ಎಂದು ಹೇಳುವವರು ಯಾರು?

ಇದನ್ನು ಕಾಫಿ ತೋಟದ ಕೆಲಸಕ್ಕೆ ಹೋಲಿಸಿ ನೋಡೋಣ. ಮಾಲೀಕರು ಒಬ್ಬೊಬ್ಬ ಕಾರ್ಮಿಕರಿಗೂ ಫೋನ್ ಮಾಡಿ ಕೆಲಸ ಹೇಳುವುದಿಲ್ಲ. ಮೇಸ್ತ್ರಿಗೆ ಹೇಳುತ್ತಾರೆ, ಮೇಸ್ತ್ರಿ ಸಾಲಿನಲ್ಲಿ ನಿಂತವರಿಗೆ ಹೇಳುತ್ತಾರೆ. ನಮ್ಮ ದೇಹದಲ್ಲೂ ಹೆಚ್ಚುಕಡಿಮೆ ಹೀಗೆಯೇ.

ಅಂಡಾಶಯದಲ್ಲಿ ತಯಾರಾದ ಈಸ್ಟ್ರೋಜೆನ್ ರಕ್ತದಲ್ಲಿ ಸಾಗಿ ಬರುತ್ತದೆ. ಇದು ಮಾಲೀಕರ ಫೋನ್ ಕರೆ. ಒಳಪದರದ ಕೆಳಗೆ ಅದಕ್ಕೆ ಆಧಾರವಾಗಿ ಇನ್ನೊಂದು ಅಂಗಾಂಶ ಇದೆ. ಅದೇ ಮೇಸ್ತ್ರಿ. ಮೇಲಿನ ಒಳಪದರದ ಕೋಶಗಳು ಕೆಲಸಗಾರರು. ಈಸ್ಟ್ರೋಜೆನ್‌ನ ಮಾತು ಕೇಳಲು ಕೋಶದಲ್ಲಿ ಒಂದು "ಕಿವಿ" ಬೇಕು. ಅದನ್ನು ಗ್ರಾಹಕ ಎನ್ನುತ್ತಾರೆ.

1997ರಲ್ಲಿ ಪ್ರಕಟವಾದ ಒಂದು ಜಾಣ ಪ್ರಯೋಗದಲ್ಲಿ, ಈ ಕಿವಿ ಇಲ್ಲದ ಇಲಿಗಳ ಗರ್ಭಕೋಶದ ಪದರಗಳನ್ನೂ ಕಿವಿ ಇರುವ ಇಲಿಗಳ ಪದರಗಳನ್ನೂ ಅದಲು ಬದಲು ಮಾಡಿ ಜೋಡಿಸಿದರು. ಮೇಲಿನ ಪದರಕ್ಕೆ ಕಿವಿ ಇಲ್ಲದಿದ್ದರೂ ಕೆಳಗಿನದಕ್ಕೆ ಇದ್ದರೆ ಮೇಲಿನ ಕೋಶಗಳು ಬೆಳೆದವು. ಕೆಳಗಿನದಕ್ಕೆ ಕಿವಿ ಇಲ್ಲದಿದ್ದಾಗ, ಮೇಲಿನದಕ್ಕೆ ಇದ್ದರೂ ಬೆಳೆಯಲಿಲ್ಲ. ಬೆಳೆಯುವ ಆಜ್ಞೆ ಮೇಸ್ತ್ರಿಯ ಮೂಲಕವೇ ಬರುತ್ತದೆ ಎಂದು ಇದರಿಂದ ಗೊತ್ತಾಯಿತು. ಯೋನಿಯ ಪದರದಲ್ಲೂ ಇದೇ ಬಗೆಯ ಫಲಿತಾಂಶ ಸಿಕ್ಕಿತು.

ಇನ್ನು ಹೊಸ ಕೋಶಗಳು ಎಲ್ಲಿಂದ ಬರುತ್ತವೆ? ಒಳಪದರದ ತಳದಲ್ಲಿ ಬೀಜದ ಹಾಗೆ ಕಾದಿರುವ ಕಾಂಡಕೋಶಗಳಿಂದ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರದೀಪ್ ತನ್ವರ್ ಅವರ ತಂಡ 2020ರಲ್ಲಿ ಇಲಿಗಳ ಯೋನಿಯ ಪದರದಲ್ಲಿ ಇಂಥ ಕೋಶಗಳನ್ನು ಗುರುತಿಸಿತು. ಅವು "ವಿಂಟ್" ಎಂಬ ಸಂಕೇತಕ್ಕೆ ಓಗೊಡುತ್ತವೆ, ಹಾರ್ಮೋನು ಅವುಗಳನ್ನು ಹಿಡಿತದಲ್ಲಿ ಇಟ್ಟಿರುತ್ತದೆ.

ಬೆಳೆಯುವ ಆಜ್ಞೆಯಷ್ಟೇ "ಸಾಕು, ನಿಲ್ಲಿಸಿ" ಎಂಬ ಆಜ್ಞೆಯೂ ಮುಖ್ಯ. ಗರ್ಭಕೋಶದಲ್ಲಿ ಅದನ್ನು ಕೊಡುವುದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಇಂದ್ರಾಣಿ ಬಾಗ್ಚಿ, ಮಿಲನ್ ಬಾಗ್ಚಿ ಅವರ ತಂಡ 2011ರಲ್ಲಿ ಇಲಿಗಳಲ್ಲಿ ಇದು ನಡೆಯುವ ಬಗೆಯನ್ನು ಬಿಡಿಸಿ ತೋರಿಸಿತು. ಪ್ರೊಜೆಸ್ಟರಾನ್ ಬಂದಾಗ ಕೆಳಗಿನ ಪದರದಲ್ಲಿ "ಹ್ಯಾಂಡ್-2" ಎಂಬ ಪ್ರೋಟೀನ್ ಎದ್ದು, ಮೇಲಕ್ಕೆ ಹೋಗುವ ಬೆಳವಣಿಗೆಯ ಸಂಕೇತಗಳನ್ನು ತಡೆಯುತ್ತದೆ. ಈ ಬ್ರೇಕ್ ಇಲ್ಲದಿದ್ದರೆ ಪದರ ಬೆಳೆಯುತ್ತಲೇ ಹೋಗುತ್ತದೆ. ಮನುಷ್ಯರಲ್ಲೂ ಪ್ರೊಜೆಸ್ಟರಾನ್ ಇಲ್ಲದೆ ಈಸ್ಟ್ರೋಜೆನ್ ಒಂದೇ ಬಹಳ ಕಾಲ ಕೆಲಸ ಮಾಡಿದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ.

ಹಾಗಾದರೆ ಮೂಳೆ?

ಅಂಡಾಶಯ ತೆಗೆದ ಇಲಿಯಲ್ಲಿ ಒಳಪದರ ತೆಳುವಾಗುತ್ತದೆ, ಉದುರುವ ಕೋಶ ನಿಲ್ಲುತ್ತದೆ ಎಂದೆವು. ಅದೇ ಇಲಿಯ ಮೂಳೆಗೆ ಏನಾಗುತ್ತದೆ ಗೊತ್ತೇ? ಸವೆಯುತ್ತದೆ. ಮೂಳೆ ಸವೆತದ ಔಷಧಿಗಳನ್ನು ಪರೀಕ್ಷಿಸಲು ಪ್ರಯೋಗಾಲಯಗಳು ಬಳಸುವುದೇ ಅಂಡಾಶಯ ತೆಗೆದ ಇಲಿ, ಹೆಗ್ಗಣಗಳನ್ನು. ಏಕೆಂದರೆ ಮೂಳೆಯನ್ನು ಕೊರೆಯುವ ಕೋಶಗಳನ್ನು ಅಂಕೆಯಲ್ಲಿಡುವುದೂ ಈಸ್ಟ್ರೋಜೆನ್‌ನ ಕೆಲಸ. ಅದು ಹೋದರೆ ಅಂಕೆ ತಪ್ಪುತ್ತದೆ.

ಹೆಂಗಸರಲ್ಲೂ ಹೀಗೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ. ಯೋನಿಯ ಪದರ ತೆಳುವಾಗಿ ಒಣಗುತ್ತದೆ, ಬಿಳಿ ಹೋಗುವುದು ಕಡಿಮೆಯಾಗುತ್ತದೆ. ಮೂಳೆ ವೇಗವಾಗಿ ಸವೆಯುವುದು ಆ ವರ್ಷಗಳಲ್ಲೇ. ಬಿಳಿ ಸೆರಗು ಮೂಳೆ ಕರಗಿದ ನೀರಾಗಿದ್ದರೆ ಆ ವಯಸ್ಸಿನಲ್ಲಿ ಅದು ಹೆಚ್ಚಬೇಕಿತ್ತು. ಆಗುವುದು ತಿರುಗುಮುರುಗು. ಹಾಗಾಗಿ, 25 ವರ್ಷದ ಹೆಣ್ಣುಮಗಳಿಗೆ ತುಸು ಬಿಳಿ ಹೋಗುತ್ತಿದೆ ಎಂದರೆ ಅವಳ ಮೂಳೆಯನ್ನು ಕಾಯುವ ಹಾರ್ಮೋನು ಕೆಲಸದಲ್ಲಿದೆ ಎಂದೇ ತಿಳಿಯಬಹುದು.

ಇಲಿಯ ಮಾತು ಮನುಷ್ಯರಿಗೆ ಎಷ್ಟು ಅನ್ವಯ?

ಎಲ್ಲವೂ ಅಲ್ಲ. ಇಲಿಗೆ ನಮ್ಮಂತೆ ಮುಟ್ಟಾಗುವುದಿಲ್ಲ. ಅದರ ಯೋನಿಯ ಮೇಲ್ಪದರ ಚರ್ಮದಂತೆ ಗಟ್ಟಿಯಾಗುತ್ತದೆ, ಹೆಂಗಸರಲ್ಲಿ ಸಾಮಾನ್ಯವಾಗಿ ಹಾಗಾಗದು. ಹೆಂಗಸರ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಒಳಪದರದ ಸಕ್ಕರೆಯಂಶವನ್ನು ಬಳಸಿ ಹುಳಿ ಮಾಡುತ್ತವೆ. ಅವು ಮೊಸರಿನ ಬ್ಯಾಕ್ಟೀರಿಯಾಗಳ ನೆಂಟರು. ಆ ಹುಳಿಯೇ ಬೇರೆ ರೋಗಾಣುಗಳಿಗೆ ತಡೆ. ಇಲಿಯಲ್ಲಿ ಈ ಹುಳಿ ಇಷ್ಟಿಲ್ಲ.

ಆದ್ದರಿಂದ ವಿಜ್ಞಾನಿಗಳು ನಮಗೆ ಇನ್ನೂ ಹತ್ತಿರದ ಪ್ರಾಣಿಗಳನ್ನೂ ನೋಡುತ್ತಾರೆ. ಕೊಡಗಿನ ರಸ್ತೆ ಬದಿಯಲ್ಲಿ ಕಾಣುವ, ತಲೆಯ ಮೇಲೆ ಟೋಪಿಯಂತೆ ಕೂದಲಿರುವ ಮಂಗಗಳಿಗೆ ನಮ್ಮಂತೆಯೇ ಸುಮಾರು 28 ದಿನಕ್ಕೊಮ್ಮೆ ಮುಟ್ಟಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮುದ್ಗಲ್ ಅವರ ತಂಡ ಸಂತಾನೋತ್ಪತ್ತಿ ಹಾರ್ಮೋನುಗಳ ಬಗ್ಗೆ ಅಭ್ಯಾಸ ಮಾಡಿದ್ದು ಈ ಜಾತಿಯ ಮಂಗಗಳಲ್ಲೇ. ಈಸ್ಟ್ರೋಜೆನ್ ಒಳಪದರವನ್ನೂ ಮೂಳೆಯನ್ನೂ ಕಾಯುತ್ತದೆ ಎಂಬ ಮೂಲ ಮಾತು ಮಾತ್ರ ಇಲಿ, ಮಂಗ, ಮನುಷ್ಯ ಮೂವರಿಗೂ ಒಂದೇ.

ಸೊಂಟ ನೋವು, ಸುಸ್ತು ಹಾಗಾದರೆ ಎಲ್ಲಿಂದ?

ನೋವು ಸುಳ್ಳಲ್ಲ. ಅದಕ್ಕೆ ಹೇಳಿದ ಕಾರಣ ಸುಳ್ಳು. ಕೊಯ್ಲಿನ ತಿಂಗಳುಗಳಲ್ಲಿ ಇಳಿಜಾರಿನಲ್ಲಿ ನಿಂತು ಕಾಫಿ ಹಣ್ಣು ಬಿಡಿಸಿ, ಮೂಟೆ ಹೊತ್ತು, ಮನೆಗೆ ಬಂದು ಮತ್ತೆ ಅಡುಗೆ, ನೀರು, ಮಕ್ಕಳು ಎಂದು ಓಡಾಡಿದರೆ ಸೊಂಟ ನೋಯದೆ ಇರುತ್ತದೆಯೇ?

ಸುಸ್ತಿಗೆ ಇನ್ನೊಂದು ದೊಡ್ಡ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಒಂದು ಹನಿ ರಕ್ತದ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಪುಡಿಗೆ ಸುರಿಯುವ ದುಡ್ಡೂ ಬೇಕಿಲ್ಲ, ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮನಸ್ಸಿನ ಭಾರವೂ ಒಂದು ಕಾರಣ. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಮಾತಾಡಿಸಿ, ಸೋಂಕಿನ ಪರೀಕ್ಷೆಯನ್ನೂ ಮಾಡಿದ್ದರು. 2005ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಬಿಳಿ ಹೋಗುತ್ತದೆ ಎಂಬ ದೂರಿಗೆ ಸೋಂಕಿಗಿಂತ ಹೆಚ್ಚು ನಂಟು ಇದ್ದದ್ದು ಚಿಂತೆ, ಖಿನ್ನತೆ, ಮನೆಯ ಕಷ್ಟಗಳ ಜೊತೆ. ಯಾರ ಬಳಿಯೂ ಹೇಳಿಕೊಳ್ಳಲಾಗದ ದಣಿವನ್ನು ಹೆಣ್ಣುಮಕ್ಕಳು ಅನೇಕ ಸಲ "ಬಿಳಿ ಹೋಗುತ್ತಿದೆ" ಎಂಬ ಮಾತಿನಲ್ಲಿ ಹೇಳುತ್ತಾರೆ. "ನಿನ್ನ ಮೂಳೆ ಕರಗುತ್ತಿದೆ" ಎಂಬ ಸಂದೇಶ ಆ ಚಿಂತೆಗೆ ಇನ್ನಷ್ಟು ತುಪ್ಪ ಸುರಿಯುತ್ತದೆ.

ಕಾಫಿ ಬಿಡಬೇಕೆ?

ಕಾಫಿ, ಕಾಳುಮೆಣಸು, ಮೊಟ್ಟೆ, ಮಾಂಸ ತಿಂದರೆ "ಉಷ್ಣ"ವಾಗಿ ಬಿಳಿ ಹೋಗುತ್ತದೆ ಎನ್ನಲು ಆಧಾರವಿಲ್ಲ. ರಕ್ತಹೀನತೆ ಇರುವವರು ಮೊಟ್ಟೆ, ಮಾಂಸ ಬಿಟ್ಟರೆ ನಷ್ಟವೇ ಹೆಚ್ಚು. ಕಾಫಿಯ ಬಗ್ಗೆ ಒಂದೇ ಎಚ್ಚರ: ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಡಿ. ಕಬ್ಬಿಣದ ಮಾತ್ರೆಯನ್ನೂ ಕಾಫಿಯ ಜೊತೆ ನುಂಗಬೇಡಿ.

ಒಳಗೆ ತೊಳೆಯಬೇಕೆ? ಪುಡಿ ತಿನ್ನಬೇಕೆ?

ಎರಡೂ ಬೇಡ. ಪಟಿಕ, ನಿಂಬೆರಸ, ಉಪ್ಪುನೀರು, ಸೋಂಕು ನಿವಾರಕ ದ್ರಾವಣ, ಪರಿಮಳದ ವಾಶ್ ಯಾವುದನ್ನೇ ಒಳಗೆ ಹಾಕಿದರೂ ಹುಳಿ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ, ಕೆಟ್ಟವಕ್ಕೆ ಜಾಗ ಸಿಗುತ್ತದೆ. ಒಳಪದರ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಹೊರಗಡೆ ಮಾತ್ರ ಬರೀ ನೀರಿನಲ್ಲಿ ತೊಳೆದರೆ ಸಾಕು.

ಇನ್ನು ಒಳಗೆ ಏನಿದೆ ಎಂದು ಬರೆಯದ "ಹಾರ್ಮೋನು ಸರಿ ಮಾಡುವ" ಪುಡಿಗಳು. ಹಾರ್ಮೋನಿನ ಸಂಕೇತದ ಜೊತೆ ಗೊತ್ತಿಲ್ಲದೆ ಆಟವಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಹಿ ಉದಾಹರಣೆ ಇದೆ. ಡಿಇಎಸ್ ಎಂಬ ಕೃತಕ ಈಸ್ಟ್ರೋಜೆನ್ ಅನ್ನು 1940ರ ದಶಕದಿಂದ ಅಮೆರಿಕದಲ್ಲಿ ಬಸಿರು ನಿಲ್ಲಲೆಂದು ಗರ್ಭಿಣಿಯರಿಗೆ ಕೊಡುತ್ತಿದ್ದರು. ಆಗ ಹೊಟ್ಟೆಯಲ್ಲಿದ್ದ ಕೆಲವು ಹೆಣ್ಣುಮಕ್ಕಳಿಗೆ ಹರೆಯದಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಬಂದದ್ದು 1971ರಲ್ಲಿ ಬೆಳಕಿಗೆ ಬಂತು. ಇಲಿಗಳಲ್ಲಿ ನೋಡಿದಾಗ, ಎಳೆಯ ವಯಸ್ಸಿನಲ್ಲಿ ಆ ಔಷಧಿ ಬಿದ್ದರೆ ಯೋನಿಯ ಪದರವಾಗಬೇಕಿದ್ದ ಕೋಶಗಳಲ್ಲಿ ಕೆಲವು ಗರ್ಭಕೋಶದ ಪದರದಂತೆ ಬೆಳೆದುಬಿಡುತ್ತಿದ್ದವು. ಡಾಕ್ಟರೇ ಬರೆದುಕೊಟ್ಟ ಮಾತ್ರೆಯ ಕಥೆ ಇದು. ಹೆಸರಿಲ್ಲದ ಪುಡಿಯನ್ನು ಬಸಿರಿನಲ್ಲಂತೂ ಮುಟ್ಟಲೇಬೇಡಿ.

ಕೊಡಗಿನ ಮಳೆಗಾಲಕ್ಕೆ ಒಂದು ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದೇ ಕಷ್ಟ. ಮುಟ್ಟಿನ ಬಟ್ಟೆಯನ್ನು ಯಾರಿಗೂ ಕಾಣದಂತೆ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಹಾಕುವುದೂ ಉಂಟು. ಒಡಿಶಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಟ್ಟಿನ ಬಟ್ಟೆಯನ್ನು ಮನೆಯೊಳಗೆ ಒಣಗಿಸುವವರಲ್ಲಿ ಕ್ಯಾಂಡಿಡಾ ಎಂಬ ಫಂಗಸ್ ಸೋಂಕು ಹೆಚ್ಚು ಕಂಡಿತ್ತು. ಬಿಸಿಲಿಲ್ಲದ ದಿನ ಒಲೆಯ ಹತ್ತಿರವೋ, ಗಾಳಿಯಾಡುವ ಜಗಲಿಯಲ್ಲೋ ಪೂರ್ತಿ ಒಣಗಿಸಿ, ಬೇಕಾದರೆ ಇಸ್ತ್ರಿ ಮಾಡಿ. ಅಷ್ಟು ಸಾಧ್ಯವಿಲ್ಲದಿದ್ದರೆ ಆ ತಿಂಗಳುಗಳಲ್ಲಿ ಪ್ಯಾಡ್ ಬಳಸಿ. ಒದ್ದೆಯಾದ ಒಳಉಡುಪನ್ನು ತೋಟದಿಂದ ಬಂದ ಕೂಡಲೇ ಬದಲಿಸಿ.

ಡಾಕ್ಟರ ಬಳಿ ಯಾವಾಗ ಹೋಗಲೇಬೇಕು?

- ಮೊಸರು ಒಡೆದಂತೆ ಗಂಟು ಗಂಟಾಗಿ ಬಂದು ತುರಿಕೆ, ಉರಿ ಇದ್ದರೆ
- ಬೂದು ಬಣ್ಣವಾಗಿ ಮೀನಿನ ವಾಸನೆ ಬಂದರೆ
- ಹಳದಿ, ಹಸಿರು ಬಣ್ಣ, ನೊರೆ ಇದ್ದರೆ
- ಜ್ವರ ಅಥವಾ ಕಿಬ್ಬೊಟ್ಟೆ ನೋವು ಜೊತೆಗಿದ್ದರೆ
- ಬಸಿರಿನಲ್ಲಿ ನೀರಿನಂತೆ ಸೋರಿದರೆ
- ಗಂಡಹೆಂಡತಿ ಕೂಡಿದ ಮೇಲೆ ಅಥವಾ ಎರಡು ಮುಟ್ಟಿನ ನಡುವೆ ರಕ್ತ ಕಂಡರೆ
- ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಅಥವಾ ವಾಸನೆಯ ಸ್ರಾವ ಶುರುವಾದರೂ

ಕೊನೆಯ ಎರಡರಲ್ಲಿ ಒಂದು ದಿನವೂ ತಡ ಬೇಡ. ಅವು ಗರ್ಭಕೋಶದ ಅಥವಾ ಅದರ ಕೊರಳಿನ ಕ್ಯಾನ್ಸರ್‌ನ ಮೊದಲ ಗುರುತು ಆಗಿರಬಹುದು. ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಲ್ಲಿ ಕೊರಳಿನ ಕ್ಯಾನ್ಸರ್ ಪತ್ತೆಯಾಗುತ್ತದೆ. ಬೇಗ ಕಂಡರೆ ಗುಣವಾಗುವ ಕಾಯಿಲೆ ಅದು. "ಮೂಳೆ ಕರಗುತ್ತಿದೆ, ಪುಡಿ ತಿನ್ನು" ಎಂಬ ಸಂದೇಶದ ನಿಜವಾದ ಅಪಾಯ ಇಲ್ಲೇ ಇದೆ. ಏನೂ ಇಲ್ಲದವರನ್ನು ಅದು ಹೆದರಿಸುತ್ತದೆ, ನಿಜವಾಗಿ ತೋರಿಸಿಕೊಳ್ಳಬೇಕಾದವರನ್ನು ತಿಂಗಳುಗಟ್ಟಲೆ ಪುಡಿ ತಿನ್ನಿಸಿ ಮನೆಯಲ್ಲೇ ಕೂರಿಸುತ್ತದೆ.

30 ದಾಟಿದವರು ತೊಂದರೆ ಇಲ್ಲದಿದ್ದರೂ ಒಮ್ಮೆ ಗರ್ಭಕೋಶದ ಕೊರಳಿನ ತಪಾಸಣೆ ಮಾಡಿಸಿಕೊಳ್ಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ವಿಚಾರಿಸಿ. ಸೋಂಕಿನ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಗಳ "ಸುರಕ್ಷಾ ಕ್ಲಿನಿಕ್" ಇದೆ. ಗಂಡಸು ಡಾಕ್ಟರ ಎದುರು ಹೇಳಲು ಸಂಕೋಚವಾದರೆ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಅವರು ಜೊತೆಗೆ ಬರುತ್ತಾರೆ. ಸೋಂಕು ಇದ್ದರೆ ಕೆಲವು ಸಲ ಗಂಡನಿಗೂ ಮಾತ್ರೆ ಬೇಕಾಗುತ್ತದೆ ಎಂಬುದು ನೆನಪಿರಲಿ.

ಗುಂಪಿನಲ್ಲಿ ಆ ಸಂದೇಶ ಬಂದರೆ ಇದನ್ನು ಕಳಿಸಿ

"ಬಿಳಿ ಸೆರಗಿನಲ್ಲಿ ಮೂಳೆ ಹೋಗುವುದಿಲ್ಲ. ತಿಳಿಯಾಗಿ ಅಥವಾ ಬೆಳ್ಳಗೆ, ವಾಸನೆ, ತುರಿಕೆ ಇಲ್ಲದೆ ಸ್ವಲ್ಪ ಹೋಗುವುದು ಆರೋಗ್ಯದ ಲಕ್ಷಣ. ಒಳಗೆ ಏನನ್ನೂ ಹಾಕಿ ತೊಳೆಯಬೇಡಿ, ಪುಡಿ ತಿನ್ನಬೇಡಿ. ಸುಸ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ವಾಸನೆ, ತುರಿಕೆ, ಬಣ್ಣ ಬದಲು, ಮುಟ್ಟು ನಿಂತ ಮೇಲೆ ರಕ್ತ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ."